ಮರದ ಪೆಟ್ಟಿಗೆಯೊಳಗಿನ ಬಿಸಿ

ಬ್ರಿಟನ್ನಿನಲ್ಲಿ ಹಾವು ಸಾಕುವವರ ಮನೆಗಳಲ್ಲಿ ಮರದ ಪೆಟ್ಟಿಗೆಯೊಂದು ಬಹುಕಾಲದಿಂದ ನೆಲೆಯೂರಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ತಳ, ಮೇಲ್ಭಾಗ ಮತ್ತು ಮೂರು ಬದಿ ಹಲಗೆ. ಎದುರಿಗೆ ಅತ್ತಿತ್ತ ಸರಿಸುವ ಗಾಜು. ಹಿಂಬದಿಯಲ್ಲಿ ಗಾಳಿಯಾಡಲು ಜಾಲರಿ ಬಿಗಿದ ಕಿಂಡಿಗಳು. ಇದಕ್ಕೆ ವಿವೇರಿಯಂ ಎನ್ನುತ್ತಾರೆ. ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಆದರೂ ಗರಗಸ, ಡ್ರಿಲ್ ಹಿಡಿಯಬಲ್ಲವರು ಪ್ಲೈವುಡ್ಡನ್ನೋ ಮೆಲಮೈನ್ ಹೊದಿಸಿದ ಹಲಗೆಯನ್ನೋ ತಂದು ತಾವೇ ಕೂಡಿಸುವುದುಂಟು. ಹೀಗೆ ಮಾಡಿದ ಪೆಟ್ಟಿಗೆಯನ್ನು ಮೆಚ್ಚುವವರು ಮೂಲೆಗಳ ಜೋಡಣೆಯನ್ನು ನೋಡುತ್ತಾರೆ, ವಾರ್ನಿಷಿನ ಹೊಳಪನ್ನು ನೋಡುತ್ತಾರೆ, ಒಳಗಿಟ್ಟ ಕೊಂಬೆ ಬಳ್ಳಿಗಳ ಅಲಂಕಾರವನ್ನು ನೋಡುತ್ತಾರೆ. ಹಾವಿಗೆ ಬೇಕಾದದ್ದು ಬೇರೆ. ಒಂದು ತುದಿಯಲ್ಲಿ ಹೆಚ್ಚಿದ್ದು ಇನ್ನೊಂದು ತುದಿಗೆ ಹೋಗುತ್ತ ಇಳಿಯುವ ಬಿಸಿ ಅದಕ್ಕೆ ಬೇಕು. ಕೈಕೆಲಸದ ಈ ಸಂಪ್ರದಾಯವನ್ನು ಅಳೆಯಬೇಕಾದದ್ದು ಈ ಒಂದು ಅಂಶದಿಂದ, ಮತ್ತು ಅದು ಹೆಚ್ಚಾಗಿ ಸೋಲುವುದೂ ಇಲ್ಲಿಯೇ.

ಹಾವು ತನ್ನ ಮೈಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ. ಹಾಗೆಂದು ಹೊರಗೆ ಸಿಕ್ಕಷ್ಟಕ್ಕೆ ಸುಮ್ಮನಾಗುವ ಪ್ರಾಣಿಯಲ್ಲ. ಅಮೆರಿಕದ ಮರುಭೂಮಿಯ ಸರೀಸೃಪಗಳ ಬಗ್ಗೆ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ 1944ರಲ್ಲಿ ಪ್ರಕಟಿಸಿದ ಅಧ್ಯಯನ ಈ ತಿಳಿವಳಿಕೆಗೆ ಬುನಾದಿ ಹಾಕಿತು. ಈ ಪ್ರಾಣಿಗಳು ಬಿಸಿಲಿಗೂ ನೆರಳಿಗೂ ಓಡಾಡುತ್ತ ಮೈಯ ಉಷ್ಣತೆಯನ್ನು ತಮಗೆ ಬೇಕಾದ ಮಟ್ಟದಲ್ಲಿ ಇಟ್ಟುಕೊಳ್ಳುತ್ತವೆ. ತಿಂದ ಮೇಲೆ ಬಿಸಿ ಜಾಗ, ಪೊರೆ ಬಿಡುವಾಗ ಮತ್ತೊಂದು ಜಾಗ, ರಾತ್ರಿಗೆ ಇನ್ನೊಂದು. ಸಾಕಿದ ಕಾರ್ನ್ ಸ್ನೇಕಿಗೆ ಬಿಸಿ ತುದಿಯಲ್ಲಿ ಸುಮಾರು 29 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 23ರ ಆಸುಪಾಸು ಬೇಕು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ರಾಯಲ್ ಪೈಥಾನ್‌ಗೆ (ಬೆಂಗಳೂರಿನಲ್ಲಿ ಬಾಲ್ ಪೈಥಾನ್ ಎಂದರೆ ತಿಳಿಯುತ್ತದೆ) ಬಿಸಿ ತುದಿ 32ರ ಹತ್ತಿರ, ತಂಪು ತುದಿ 25ರ ಹತ್ತಿರ. ಸಾಕಷ್ಟು ಬಿಸಿ ಸಿಗದಿದ್ದರೆ ನುಂಗಿದ ಇಲಿ ಜೀರ್ಣವಾಗದೆ ವಾಂತಿಯಾಗುತ್ತದೆ, ಉಸಿರಾಟದ ಸೋಂಕು ಹತ್ತುತ್ತದೆ. ಇಡೀ ಪೆಟ್ಟಿಗೆ ಒಂದೇ ಸಮ ಬಿಸಿಯಾಗಿದ್ದರೂ ತಪ್ಪೇ, ಏಕೆಂದರೆ ಅಲ್ಲಿ ಹಾವಿಗೆ ಆಯ್ಕೆಯೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕಿದ ಪ್ರಾಣಿಗೆ ತಕ್ಕ ಪರಿಸರ ಒದಗಿಸುವುದು ಸಾಕಿದವರ ಹೊಣೆ ಎನ್ನುತ್ತದೆ. ಹಾವಿನ ಮಟ್ಟಿಗೆ ಆ ಪರಿಸರದಲ್ಲಿ ಮೊದಲು ಬರುವುದು ತುದಿಯಿಂದ ತುದಿಗೆ ಬಿಸಿಯ ಈ ಏರಿಳಿತ.

ಮರದ ಪರವಾಗಿ ಎಲ್ಲರೂ ಹೇಳುವ ಮಾತು, ಅದು ಶಾಖವನ್ನು ಹಿಡಿದಿಡುತ್ತದೆ ಎಂಬುದು. ಲೆಕ್ಕ ಹಾಕಿ ನೋಡಬೇಕು. ಮೇಲಿನ ಅಳತೆಯ ಪೆಟ್ಟಿಗೆಯ ಹೊರಮೈ ಸುಮಾರು 3.6 ಚದರ ಮೀಟರ್. ಹಲಗೆ 18 ಮಿಲಿಮೀಟರ್ ದಪ್ಪ, ಎದುರಿನ ಗಾಜು 4 ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಳಗಿನ ಬಿಸಿ ಕೋಣೆಗಿಂತ ಒಂದು ಡಿಗ್ರಿ ಹೆಚ್ಚಿರಲು ಸುಮಾರು 10 ವ್ಯಾಟ್ ಬೇಕಾಗುತ್ತದೆ. ಕಿಂಡಿಗಳಿಂದ ಸೋರುವುದು ಇದಕ್ಕೆ ಸೇರಿಲ್ಲ. ಹೊರಮೈಯ ಐದರಲ್ಲೊಂದು ಭಾಗವಷ್ಟೇ ಇರುವ ಗಾಜು ಶಾಖದ ಕಾಲುಪಾಲಿಗಿಂತ ಹೆಚ್ಚನ್ನು ಹೊರಹಾಕುತ್ತದೆ. ಅದೇ ಅಳತೆಯ ಪೆಟ್ಟಿಗೆಯನ್ನು ಎಲ್ಲ ಬದಿಯೂ ಗಾಜಿನಲ್ಲೇ ಕಟ್ಟಿ ಮುಚ್ಚಿದರೆ ಡಿಗ್ರಿಗೆ 14 ವ್ಯಾಟ್‌ನಷ್ಟು ಬೇಕು. ಅಂದರೆ ಮರದಿಂದ ಉಳಿಯುವುದು ಕಾಲುಪಾಲಿನಷ್ಟು. ಅದು ಕಡಿಮೆಯೇನಲ್ಲ, ಆದರೆ ಜನ ನಂಬಿರುವಷ್ಟೂ ಅಲ್ಲ. ಗಾಜಿನ ತೊಟ್ಟಿಯಲ್ಲಿ ಬಿಸಿ ನಿಲ್ಲದಿರಲು ದೊಡ್ಡ ಕಾರಣ ಅದರ ಮೇಲಿನ ಜಾಲರಿ ಮುಚ್ಚಳ. ಬಿಸಿಗಾಳಿ ನೇರ ಅಲ್ಲಿಂದಲೇ ಹೋಗುತ್ತದೆ. ಮರದ ಪೆಟ್ಟಿಗೆ ಗೆಲ್ಲುವುದು ಬಹುಮಟ್ಟಿಗೆ ಅದರ ಗಟ್ಟಿ ಮೇಲ್ಭಾಗದಿಂದ.

ಈ ಲೆಕ್ಕ ಕೈಯಲ್ಲಿದ್ದರೆ ಹೀಟ್ ಮ್ಯಾಟ್ ಕುರಿತ ಬಹಳಷ್ಟು ವಾದ ಅಲ್ಲಿಗೇ ಮುಗಿಯುತ್ತದೆ. ಮ್ಯಾಟ್ ಎಂದರೆ ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಸಿಯಾಗುವ ಪದರ ಇಟ್ಟು ಅಂಟಿಸಿದ ತೆಳು ಚಾಪೆ. ಅಗ್ಗ, ಹಾಸಿ ಪ್ಲಗ್ ಚುಚ್ಚಿದರೆ ಕೆಲಸ ಮುಗಿಯಿತು. ಗಾಜಿನ ತೊಟ್ಟಿಯ ತಳಕ್ಕೆ ಹೊರಗಿನಿಂದ ಅಂಟಿಸುವ ರೂಢಿ ಹಳೆಯದು, ಅಲ್ಲಿ ಅದು ಒಂದು ಮಟ್ಟಿಗೆ ನಡೆಯುತ್ತದೆ. ಮರದ ಪೆಟ್ಟಿಗೆ ಮಾಡಿದವರು ಯೋಚಿಸದೆ ಅದೇ ರೂಢಿಯನ್ನು ಇಲ್ಲಿಗೂ ತರುತ್ತಾರೆ. ಹಲಗೆಯ ಕೆಳಗೆ ಅಂಟಿಸಿದರೆ ಶಾಖ ಮೇಲಕ್ಕೆ ಬರಲು ಮರವೇ ಅಡ್ಡ. ಬಿಸಿ ಒಳಗೆ ಬಾರದೆ ಮ್ಯಾಟ್ ಮತ್ತು ಹಲಗೆಯ ನಡುವೆಯೇ ಕೂರುತ್ತದೆ. ಹಲಗೆ ಕಂದುಗಟ್ಟುವುದು, ಕೊನೆಗೆ ಬೆಂಕಿಯ ಭಯ ಹುಟ್ಟುವುದು ಹೀಗೆ. ಒಳಗೇ ಹಾಸಿ ಮೇಲೆ ಮರದ ಚೂರು ಹರಡಿದರೆ? 28 ವ್ಯಾಟ್‌ನ ಮ್ಯಾಟ್ ಈ ಪೆಟ್ಟಿಗೆಯ ಗಾಳಿಯನ್ನು ಎರಡು ಮೂರು ಡಿಗ್ರಿ ಏರಿಸೀತು. ಇಂಗ್ಲೆಂಡಿನ 18 ಡಿಗ್ರಿಯ ಕೋಣೆಯಲ್ಲಿ ಅದು 21 ಆಗುತ್ತದೆ, ಅಷ್ಟೆ. ಗಾಳಿ ತಂಪಾಗಿಯೇ ಉಳಿದಾಗ ಹಾವು ಚೂರುಗಳನ್ನು ಸರಿಸಿ ನೇರ ಮ್ಯಾಟಿನ ಮೇಲೆ ಸುತ್ತಿ ಮಲಗುತ್ತದೆ. ಕೆಳಗೆ ಹಲಗೆ, ಮೇಲೆ ಹಾವಿನ ಭಾರ. ನಡುವೆ ಸಿಕ್ಕ ಮ್ಯಾಟಿನ ಬಿಸಿ ಹೊರಗೆ ಹೋಗಲಾರದೆ ಏರುತ್ತ 40 ಡಿಗ್ರಿ ದಾಟುತ್ತದೆ. ಹೊಟ್ಟೆಯ ಹುರುಪೆಗಳು ಬೆಂದ ಹಾವುಗಳು ಸರೀಸೃಪಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯರಿಗೆ ಹೊಸತಲ್ಲ. ಒಳಗೆ ತಂತಿಯಿಟ್ಟು ಬಿಸಿಮಾಡುವ ಕೃತಕ ಬಂಡೆಗಳು ಇನ್ನೂ ಕೆಟ್ಟವು. ಅವನ್ನು ಯಾರೂ ಯಾವ ಹಾವಿಗೂ ಕೊಳ್ಳಬಾರದು.

ಜೀರ್ಣಕ್ಕೆ ಹೊಟ್ಟೆಯಡಿಯಿಂದಲೇ ಶಾಖ ಬೇಕು ಎಂಬ ವಾದ ಮ್ಯಾಟನ್ನು ಇನ್ನೂ ಬದುಕಿಸಿದೆ. ಕಾಡಿನಲ್ಲಿ ನೆಲ ಬಿಸಿಯಾಗುವುದು ಮೇಲಿನ ಸೂರ್ಯನಿಂದ. ಪೆಟ್ಟಿಗೆಯಲ್ಲೂ ದೀಪದ ಕೆಳಗೆ ಚಪ್ಪಟೆ ಕಲ್ಲೊಂದನ್ನಿಟ್ಟರೆ ಅದು ಕಾಯುತ್ತದೆ, ಹಾವು ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಮೇಲಿನಿಂದ ಕೊಡುವ ಬಿಸಿಯೇ ಮರದ ಪೆಟ್ಟಿಗೆಗೆ ಸರಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಹಗಲಿಗೆ ಹ್ಯಾಲೊಜೆನ್ ಬಲ್ಬ್ ಒಳ್ಳೆಯದು. ಅದು ಬೆಳಕಿನ ಜೊತೆಗೆ ಬಿಸಿಲಿನಲ್ಲಿರುವಂಥ ಕಿರು ಅಲೆಯ ಅವಗೆಂಪು ಕಿರಣಗಳನ್ನೂ ಕೊಡುತ್ತದೆ. ಅವು ಚರ್ಮದಲ್ಲಿ ಆಳಕ್ಕೆ ಇಳಿಯುತ್ತವೆ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ರಾತ್ರಿಗೆ ಆಗುತ್ತದೆ, ಆದರೆ ಅದರ ಕಿರಣಗಳು ಮೈಯ ಮೇಲ್ಪದರದಲ್ಲೇ ನಿಲ್ಲುತ್ತವೆ, ಗಾಳಿಯೂ ಒಣಗುತ್ತದೆ. ರಾತ್ರಿಗೆಂದು ಮಾರುವ ಕೆಂಪು ಬಲ್ಬ್ ಬೇಡ. ಹಾವಿಗೆ ಕತ್ತಲೆಯೂ ಬೇಕು.

ಮೇಲಿನ ಬಿಸಿಗೆ ಅದರದೇ ಅಪಾಯವಿದೆ, ಮತ್ತು ಅದು ಬಡಗಿಯ ಕೆಲಸಕ್ಕೆ ನೇರ ಸಂಬಂಧಿಸಿದ್ದು. ಸೆರಾಮಿಕ್ ಹೀಟರಿನ ಮೈ ನೂರಾರು ಡಿಗ್ರಿ ಕಾಯುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಹೋಲ್ಡರ್ ಆ ಬಿಸಿಗೆ ಕರಗುತ್ತದೆ. ಪಿಂಗಾಣಿ ಹೋಲ್ಡರ್, ಶಾಖ ತಡೆಯುವ ವೈರ್ ಬೇಕೇಬೇಕು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಾದ ಮರ ನಿಧಾನವಾಗಿ ಕರಕಲಾಗುತ್ತ ಸುಲಭವಾಗಿ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ, ಆದ್ದರಿಂದ ಹೀಟರ್ ಮತ್ತು ಮೇಲಿನ ಹಲಗೆಯ ನಡುವೆ ಅಂತರ ಬಿಡಬೇಕು. ಹಾವು ಬಲ್ಬಿಗೆ ಸುತ್ತಿಕೊಳ್ಳದಂತೆ ಸುತ್ತ ತಂತಿಯ ಪಂಜರ ಇರಬೇಕು. ಇದಿಲ್ಲದ ಪೆಟ್ಟಿಗೆಯ ಮರಗೆಲಸ ಎಷ್ಟೇ ನಯವಾಗಿದ್ದರೂ ನಾನು ಅದನ್ನು ಮುಗಿದ ಕೆಲಸ ಎಂದು ಒಪ್ಪುವುದಿಲ್ಲ. ವಾರ್ನಿಷ್, ಮೂಲೆಗೆ ತುಂಬಿದ ಸಿಲಿಕೋನ್ ಪೂರ್ತಿ ಒಣಗುವ ಮುನ್ನ ಬಿಸಿ ಹಚ್ಚಿದರೆ ಆವಿಯೆಲ್ಲ ಮುಚ್ಚಿದ ಗಾಳಿಯಲ್ಲಿ ತುಂಬುತ್ತದೆ. ಶಾಖ ಉಳಿಸಲು ಕಿಂಡಿಗಳನ್ನು ಮುಚ್ಚಿಬಿಡುವ ಆಸೆಯೂ ಅಷ್ಟೇ ಕೆಟ್ಟದ್ದು. 2022ರಲ್ಲಿ ಬ್ರಿಟನ್ನಿನ ವಿದ್ಯುತ್ ಬಿಲ್ ಏರಿದಾಗ ಆ ಆಸೆ ಯಾರಿಗಾದರೂ ಬಂದೀತು. ಉಳಿಸಬೇಕೆಂದಿದ್ದರೆ ಹಿಂಬದಿಯ ಹಲಗೆಗೆ ಹೊರಗಿನಿಂದ ಇನ್ನೊಂದು ಪದರ ಹೊದಿಸಲಿ, ಗಾಳಿಯನ್ನು ಕಸಿಯುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್. ಅದನ್ನು ಕೊನೆಗೆ, ಹಣ ಉಳಿದರೆ ಕೊಳ್ಳುವ ವಸ್ತುವೆಂದು ಭಾವಿಸುವುದು ಈ ಹವ್ಯಾಸದ ಅತಿ ದೊಡ್ಡ ದೋಷ. ಹಲಗೆಗಿಂತ ಮೊದಲು ಅದನ್ನು ಕೊಳ್ಳಬೇಕು. ಬಲ್ಬಿಗೆ ಬೆಳಕನ್ನು ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯದು, ಸೆರಾಮಿಕ್ಕಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುವ ಪಲ್ಸ್ ಬಗೆಯದು ಸರಿ. ಪೂರ್ತಿ ಹಚ್ಚಿ ಪೂರ್ತಿ ಆರಿಸುವ ಅಗ್ಗದ ಬಗೆಯದನ್ನು ಬಲ್ಬಿಗೆ ಹಾಕಿದರೆ ದೀಪ ದಿನವಿಡೀ ಮಿಣುಕುತ್ತದೆ. ಆದರೆ ಯಂತ್ರಕ್ಕೆ ಗೊತ್ತಿರುವುದು ಬಿಸಿ ಅಳೆಯುವ ತನ್ನ ಪ್ರೋಬ್ ಇರುವ ಜಾಗದ ಬಿಸಿ ಮಾತ್ರ. ಹಾವು ಅದನ್ನು ತಳ್ಳಿ ತಂಪು ಮೂಲೆಗೆ ಬೀಳಿಸಿದರೆ ಹೀಟರ್ ಎಡೆಬಿಡದೆ ಉರಿಯುತ್ತದೆ, ಮತ್ತು ಶಾಖವನ್ನು ಹಿಡಿದಿಡುವ ಮರದ ಗುಣವೇ ಆಗ ಹಾವಿಗೆ ಮುಳುವಾಗುತ್ತದೆ. ಪ್ರೋಬನ್ನು ಕ್ಲಿಪ್ಪಿನಿಂದ ಬಿಗಿಯಾಗಿ ಕೂರಿಸಿ, ಕೆಲವು ಡಿಗ್ರಿ ಮೇಲಕ್ಕೆ ಹೊಂದಿಸಿದ ಎರಡನೇ ಥರ್ಮೋಸ್ಟಾಟ್ ಒಂದನ್ನು ಕಾವಲಿಗೆ ಇಡುವವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕರ್ನಾಟಕದಲ್ಲಿ ಕಾಡಿನ ಹಾವನ್ನು ಹಿಡಿದು ಮನೆಯಲ್ಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ, ತಡೆಯಬೇಕು ಕೂಡ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇಟ್ಟುಕೊಂಡವರು 2022ರ ತಿದ್ದುಪಡಿಯಂತೆ ಅದನ್ನು ನೋಂದಾಯಿಸಬೇಕು. ಅಂಥವರು ಬ್ರಿಟನ್ನಿನ ಪೆಟ್ಟಿಗೆಯನ್ನು ಇದ್ದಂತೆಯೇ ನಕಲು ಮಾಡಿದರೆ ಕಷ್ಟ. ಬೆಂಗಳೂರಿನ ಡಿಸೆಂಬರ್ ರಾತ್ರಿ 16 ಡಿಗ್ರಿಗೆ ಇಳಿದಾಗ ಅದು ಉಪಕಾರಿಯೇ. ಕಲಬುರಗಿಯ ಬೇಸಿಗೆಯಲ್ಲಿ ಹಗಲು 40 ದಾಟುತ್ತದೆ, ಥರ್ಮೋಸ್ಟಾಟ್ ಹೀಟರನ್ನು ಆರಿಸಬಲ್ಲುದೇ ಹೊರತು ತಂಪು ಮಾಡಲಾರದು. ಅಲ್ಲಿ ದೊಡ್ಡ ಕಿಂಡಿಗಳು, ಮನೆಯ ಅತಿ ತಂಪಾದ ಕೋಣೆ, ಎರಡೂ ತುದಿಗೆ ಒಂದೊಂದು ಥರ್ಮಾಮೀಟರ್ ಬೇಕು.

ಎಲ್ಲೇ ಮಾಡಿದರೂ, ಪೆಟ್ಟಿಗೆ ಮುಗಿದ ದಿನವೇ ಹಾವನ್ನು ಬಿಡಬಾರದು. ಒಂದು ವಾರ ಖಾಲಿಯಾಗಿಯೇ ಬಿಸಿ ಹಚ್ಚಿಡಬೇಕು. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಮೂರು ಹೊತ್ತೂ ಬಿಸಿ ತುದಿಯ ಕಲ್ಲು, ತಂಪು ತುದಿಯ ಅಡಗುತಾಣ, ಮೇಲಿನ ಹಲಗೆ, ಇಷ್ಟರ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಬೇಕು. ಮೇಲಿನ ಹಲಗೆ ಕೈಯಿಟ್ಟರೆ ಸುಡುವಷ್ಟು ಕಾದಿದ್ದರೆ ಹೀಟರನ್ನು ಬಿಚ್ಚಿ ಕೆಳಗಿಳಿಸಬೇಕು. ಎರಡು ತುದಿಗಳ ನಡುವೆ ಆರೇಳು ಡಿಗ್ರಿ ಅಂತರ ನಿಲ್ಲದಿದ್ದರೆ ಪೆಟ್ಟಿಗೆ ಗಿಡ್ಡವಾಯಿತು ಎಂದೇ ಅರ್ಥ. ಇನ್ನೂ ಉದ್ದದ ಹಲಗೆ ತರಬೇಕು.