ಗಾಜಿನ ಮನೆಗಳ ರಾಜ್ಯ

ನಿರಂಕುಶ ಪ್ರಭುತ್ವದ ವಿಷಯದಲ್ಲಿ ಎಚ್ಚರಿಕೆ ಕೊಡುವ ಅನೇಕ ಕಥೆಗಳಲ್ಲಿ ನಾಯಕನು ಮೊದಲ ಪುಟದಿಂದಲೇ ಆ ಪ್ರಭುತ್ವವನ್ನು ದ್ವೇಷಿಸುತ್ತಿರುವನು. ವಾಚಕನು ಅವನ ಪಕ್ಷವನ್ನು ವಹಿಸಿ, ತಾನು ಆ ಕೇಡಿಗೆ ಹೊರಗಿನವನೆಂದು ನೆಮ್ಮದಿಯಿಂದಿರುವನು. ರಷ್ಯದ ಯೆವ್ಗೇನಿ ಜಮ್ಯಾತಿನ್ ೧೯೨೦-೨೧ರಲ್ಲಿ ಬರೆದ ‘ನಾವು’ ಎಂಬ ಕಾದಂಬರಿಯು ಈ ನೆಮ್ಮದಿಯನ್ನು ಕೊಡುವುದಿಲ್ಲ. ಇಲ್ಲಿ ಕಥೆ ಹೇಳುವವನೇ ಆ ರಾಜ್ಯದ ಭಕ್ತನು.

ಬಹು ಶತಮಾನಗಳಾಚೆಯ ಆ ರಾಜ್ಯದಲ್ಲಿ ಜನರಿಗೆ ಹೆಸರುಗಳಿಲ್ಲ, ಅಂಕೆಗಳುಂಟು. ಮನೆಗಳ ಗೋಡೆಗಳೆಲ್ಲ ಗಾಜಿನವು. ಪರದೆ ಇಳಿಸಬೇಕಾದರೆ ಚೀಟಿ ಬೇಕು. ಏಳುವುದೂ ಉಣ್ಣುವುದೂ ಮಲಗುವುದೂ ಒಂದೇ ವೇಳಾಪಟ್ಟಿಗೆ ಒಳಪಟ್ಟಿವೆ; ತುತ್ತೊಂದನ್ನು ಐವತ್ತು ಸಲ ಅಗಿಯಬೇಕೆಂಬ ಕಟ್ಟಳೆಯೂ ಉಂಟು. ಪ್ರಾಚೀನರು ಉಳಿಸಿಹೋದ ಸಾಹಿತ್ಯದಲ್ಲೆಲ್ಲ ರೈಲ್ವೆ ವೇಳಾಪಟ್ಟಿಯೇ ಶ್ರೇಷ್ಠವೆಂದು ಕಥಾನಾಯಕನು ಬರೆಯುವಾಗ ನಗೆ ಬಾರದಿರದು. (ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾದವರಿಗೆ ಆ ಹೊಗಳಿಕೆಯಲ್ಲಿ ತುಸು ನ್ಯಾಯವೂ ಕಂಡೀತು.)

ಆ ನಗೆಯು ಅಡಗುವ ಸ್ಥಳವೊಂದುಂಟು. ಡಿ-೫೦೩ ಎಂಬ ಈ ನಾಯಕನು ಅನ್ಯಗ್ರಹಗಳಿಗೆ ಹೋಗತಕ್ಕ ನೌಕೆಯೊಂದರ ಶಿಲ್ಪಿ. ಅದರ ಎಂಜಿನನ್ನು ಪರೀಕ್ಷಿಸುವಾಗ ಸುಮಾರು ಹತ್ತು ಮಂದಿ ಕೆಲಸಗಾರರು ಉರಿಗೆ ಸಿಕ್ಕಿ ಭಸ್ಮವಾಗುವರು. ಆದರೂ ಕೆಲಸವು ಕ್ಷಣಕಾಲವೂ ತಡೆಯಲಿಲ್ಲವೆಂದು ಅವನು ಹೆಮ್ಮೆಪಡುವನು. ಹತ್ತು ಮಂದಿಯೆಂದರೆ ರಾಜ್ಯದ ಹತ್ತು ಕೋಟಿಯಲ್ಲೊಂದು ಪಾಲು. ಅಷ್ಟಕ್ಕೆ ಮರುಗುವುದು ಲೆಕ್ಕ ಬಾರದ ಪ್ರಾಚೀನರ ರೀತಿಯಂತೆ! ಬರೆಯುವವನಲ್ಲಿ ಕ್ರೌರ್ಯದ ಲೇಶವೂ ಇಲ್ಲದಿರುವುದರಿಂದ ಈ ಪುಟವು ಗಲ್ಲುಗಂಬದ ವರ್ಣನೆಗಿಂತಲೂ ಹೆಚ್ಚಾಗಿ ಎದೆಯನ್ನು ಹಿಂಡುವುದು.

ಜಮ್ಯಾತಿನ್ ತಾನೂ ನೌಕಾಶಿಲ್ಪಿ. ೧೯೧೬-೧೭ರಲ್ಲಿ ಇಂಗ್ಲೆಂಡಿನಲ್ಲಿದ್ದು ರಷ್ಯಕ್ಕಾಗಿ ಮಂಜುಗಡ್ಡೆ ಒಡೆಯುವ ಹಡಗುಗಳನ್ನು ಕಟ್ಟಿಸಿದವನು. ಯಂತ್ರದ ಲಯದಲ್ಲಿರುವ ಆನಂದವನ್ನು ಬಲ್ಲವನಾದುದರಿಂದ ಡಿ-೫೦೩ರ ಸ್ತುತಿಯು ಬರಿಯ ಅಣಕವಾಗದೆ ನಿಜವಾದ ಬಿಸುಪನ್ನು ಪಡೆದಿದೆ. ಯೌವನದಲ್ಲಿ ಬೊಲ್ಷೆವಿಕ್ ಪಕ್ಷವನ್ನು ಸೇರಿ ೧೯೦೫ರಲ್ಲಿ ತ್ಸಾರನ ಸೆರೆಯನ್ನು ಕಂಡ ಇವನು, ೧೯೨೨ರಲ್ಲಿ ಅದೇ ಪಕ್ಷದ ಸರ್ಕಾರದ ಸೆರೆಯನ್ನೂ ಕಂಡನು. ಕಾದಂಬರಿಯು ೧೯೨೪ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಸ್ವದೇಶದಲ್ಲಿ ಅಚ್ಚಾದುದು ೧೯೮೮ರಲ್ಲಿ. ಅಷ್ಟರಲ್ಲಿ ಗ್ರಂಥಕರ್ತನು ೧೯೩೧ರಲ್ಲಿ ಸ್ಟಾಲಿನನ ಅನುಮತಿ ಬೇಡಿ ದೇಶವನ್ನು ಬಿಟ್ಟು, ೧೯೩೭ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡು ಅರ್ಧ ಶತಮಾನವೇ ಕಳೆದಿತ್ತು.

ಗ್ರಂಥದಲ್ಲಿ ದೋಷಗಳಿಲ್ಲದಿಲ್ಲ. ಅರ್ಧಕ್ಕೇ ತುಂಡಾಗುವ ವಾಕ್ಯಗಳು ಬೇಸರ ತರುವಷ್ಟಿವೆ; ಗೋಡೆಯಾಚೆ ಕಾಡಿನಲ್ಲಿ ವಾಸಿಸುವ ಸ್ವತಂತ್ರ ಜನರ ಚಿತ್ರವು ತೀರ ತೆಳುವಾದುದು. ೧೯೪೬ರಲ್ಲಿ ಈ ಪುಸ್ತಕವನ್ನು ವಿಮರ್ಶಿಸಿದ ಜಾರ್ಜ್ ಆರ್ವೆಲ್ಲನ ‘೧೯೮೪’ (೧೯೪೯) ಕಥಾಬಂಧದಲ್ಲಿ ಇದಕ್ಕಿಂತ ಬಿಗಿಯಾಗಿದೆ. ಆದರೆ ಆರ್ವೆಲ್ಲನ ಪ್ರಭುಗಳು ಅಧಿಕಾರವನ್ನು ಅಧಿಕಾರಕ್ಕಾಗಿಯೇ ಬಯಸುವರು. ಅವರನ್ನು ಗುರುತಿಸಿ ದೂರವಿಡುವುದು ಸುಲಭ. ಜಮ್ಯಾತಿನನ ಪ್ರಭುವಿನ ಬಿರುದು ‘ಉಪಕಾರಿ’. ಅವನು ಕೊಡಬಂದುದು ಸುಖ. ಅದನ್ನು ಬೇಡವೆನ್ನುವುದೇ ಕಷ್ಟ.

ಐ-೩೩೦ ಎಂಬ ಬಂಡಾಯಗಾರ್ತಿಯ ಪ್ರೇಮದಿಂದ ಡಿ-೫೦೩ ಕಳವಳಗೊಳ್ಳಲು, ಅವನಿಗೆ ಆತ್ಮವೊಂದು ಹುಟ್ಟಿಕೊಂಡಿದೆಯೆಂದೂ ರೋಗವು ಗುಣವಾಗದೆಂದೂ ವೈದ್ಯನು ಹೇಳುವನು. ಕೊನೆಗೆ ಶಸ್ತ್ರಚಿಕಿತ್ಸೆಯಿಂದ ಅವನ ಕಲ್ಪನಾಶಕ್ತಿಯನ್ನೇ ತೆಗೆದುಹಾಕುವರು. ಅವನು ತಾನಾಗಿ ಹೋಗಿ ಒಳಸಂಚನ್ನೆಲ್ಲ ತಿಳಿಸುವನು. ಗಾಜಿನ ಗಂಟೆಯೊಳಗೆ ಚಿತ್ರಹಿಂಸೆಗೊಳಗಾಗಿಯೂ ಬಾಯಿಬಿಡದ ಅವಳನ್ನು ಶಾಂತಚಿತ್ತದಿಂದ ನೋಡುವನು. ತನ್ನ ದಿನಚರಿಯ ಅಕ್ಷರಗಳು ತನ್ನವೇ ಎಂದು ಅವನು ಗುರುತಿಸಬಲ್ಲನು. ಅಲ್ಲಿಯ ವ್ಯಥೆಯೂ ತನ್ನದಾಗಿತ್ತೆಂದು ಅವನಿಗೆ ನಂಬಿಕೆ ಹುಟ್ಟುವುದಿಲ್ಲ.