ಗೇಟಿನ ಬಳಿ ಹಿಂದೆ ಸರಿದ ಗೆಳೆಯರು: ಜಿಮ್ಮಿ ಕಾರ್ಟರ್ ಬಾಲ್ಯಕಥನದ ಒಂದು ಓದು

ಜಿಮ್ಮಿ ಕಾರ್ಟರ್ 2024ರ ಡಿಸೆಂಬರ್ 29ರಂದು ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ಅಮೆರಿಕದ ಅಧ್ಯಕ್ಷರಲ್ಲಿ ಅಷ್ಟು ಕಾಲ ಬದುಕಿದವರು ಬೇರೊಬ್ಬರಿಲ್ಲ. ಅವರ ಬಗ್ಗೆ ಬಂದ ನುಡಿನಮನಗಳಲ್ಲಿ ಹೆಚ್ಚಿನವು ಹೇಳಿದ್ದು ಒಂದೇ ಕಥೆ: 1981ರಲ್ಲಿ ಸೋತು ಮನೆಗೆ ಹೋದ ಅಧ್ಯಕ್ಷ, ಅಧಿಕಾರವಿಲ್ಲದ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ದೊಡ್ಡ ಮನುಷ್ಯನಾಗಿ ಬೆಳೆದ.

ಈ ಕಥೆಗೆ ಆಧಾರವಿದೆ. 1986ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ನಾರುಹುಣ್ಣು, ಕಾರ್ಟರ್ ಸೆಂಟರ್ ಮುಂದೆ ನಿಂತು ನಡೆಸಿದ ಕೆಲಸದಿಂದಾಗಿ, ಅವರ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಇಪ್ಪತ್ತು ಜನಕ್ಕಿಂತ ಕಡಿಮೆಗೆ ಇಳಿದಿತ್ತು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆದರೂ ಬದುಕನ್ನು ಹೀಗೆ ಎರಡು ಹೋಳು ಮಾಡಿದರೆ ಲೆಕ್ಕ ಕೂಡುವುದಿಲ್ಲ. ಈಜಿಪ್ಟ್ ಮತ್ತು ಇಸ್ರೇಲನ್ನು ಒಟ್ಟಿಗೆ ಕೂರಿಸಿದ 1978ರ ಕ್ಯಾಂಪ್ ಡೇವಿಡ್ ಒಪ್ಪಂದ ನಡೆದದ್ದು 'ಸೋತ' ಅವಧಿಯಲ್ಲೇ. ಮಾನವ ಹಕ್ಕುಗಳ ಮಾತಾಡುತ್ತಿದ್ದ ಅದೇ ಅಧ್ಯಕ್ಷರು 1977ರ ಕೊನೆಯ ರಾತ್ರಿ ಟೆಹರಾನಿನಲ್ಲಿ ಇರಾನಿನ ಷಾನನ್ನು ಹಾಡಿ ಹೊಗಳಿದ್ದರು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು.

ಹೀಗಾಗಿ ಕಾರ್ಟರ್ ಅವರನ್ನು ಓದಲು ನಾನು ಬೇರೊಂದು ಕಡೆಯಿಂದ ಹೊರಡುತ್ತೇನೆ. ಅವರು ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಅವುಗಳಲ್ಲಿ ನನಗೆ ಮುಖ್ಯವೆನಿಸುವುದು 2001ರಲ್ಲಿ ಬಂದ 'ಆ್ಯನ್ ಅವರ್ ಬಿಫೋರ್ ಡೇಲೈಟ್'. ಜಾರ್ಜಿಯಾ ರಾಜ್ಯದ ಆರ್ಚರಿ ಎಂಬ ಪುಟ್ಟ ಊರಿನಲ್ಲಿ, 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕಳೆದ ಬಾಲ್ಯದ ನೆನಪುಗಳು ಅದರಲ್ಲಿವೆ. ಅಧಿಕಾರ ಬಿಟ್ಟ ಮೇಲೆ ರಾಜಕಾರಣಿಗಳು ಬರೆಯುವ ನೆನಪುಗಳು ಸಾಮಾನ್ಯವಾಗಿ ಸಮರ್ಥನೆಗಳು. ಈ ಪುಸ್ತಕದಲ್ಲಿ ಹುಡುಗ ಜಿಮ್ಮಿ ನಾಯಕನಾಗಿ ನಿಲ್ಲುವುದು ಕಡಿಮೆ, ನೋಡುತ್ತಾ ನಿಲ್ಲುವುದೇ ಹೆಚ್ಚು.

ಶೀರ್ಷಿಕೆಯನ್ನೇ ನೋಡಿ. ಬೆಳಕು ಹರಿಯಲು ಇನ್ನೂ ಒಂದು ಗಂಟೆ ಇರುವಾಗಲೇ ಹೊಲದ ಗಂಟೆ ಬಾರಿಸುತ್ತಿತ್ತು. ಬಾರಿಸುತ್ತಿದ್ದವರು ಜ್ಯಾಕ್ ಕ್ಲಾರ್ಕ್ ಎಂಬ ಕಪ್ಪು ಕೆಲಸಗಾರ. ಹೊಲ ಜಿಮ್ಮಿಯ ತಂದೆ ಅರ್ಲ್ ಕಾರ್ಟರ್ ಅವರದು. ಆ ಮನೆಯ ಬೆಳಗು ಶುರುವಾಗುತ್ತಿದ್ದದ್ದು ಯಾರ ಕೈಯಿಂದ ಎಂಬುದನ್ನು ಲೇಖಕರು ಮರೆತಿಲ್ಲ. ತಂದೆತಾಯಿಯನ್ನು ಬಿಟ್ಟರೆ ತನ್ನನ್ನು ರೂಪಿಸಿದವರು ಐವರು, ಅವರಲ್ಲಿ ಇಬ್ಬರು ಮಾತ್ರ ಬಿಳಿಯರು ಎಂದೂ ಅವರು ಲೆಕ್ಕ ಕೊಡುತ್ತಾರೆ.

ಪುಸ್ತಕದ ಜೀವ ಇರುವುದು ಎರಡು ಪ್ರಸಂಗಗಳಲ್ಲಿ. ಮೊದಲನೆಯದು 1938ರ ಜೂನ್ ತಿಂಗಳದ್ದು. ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ನಡುವಿನ ಬಾಕ್ಸಿಂಗ್ ಪಂದ್ಯ ಕೇಳಲು ಸುತ್ತಲಿನ ಕಪ್ಪು ಜನ ಕಾರ್ಟರ್ ಮನೆಯ ಅಂಗಳಕ್ಕೆ ಬರುತ್ತಾರೆ. ರೇಡಿಯೊ ಕಿಟಕಿಗೆ ಬರುತ್ತದೆ, ಜನ ಹೊರಗೇ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲೇ ಲೂಯಿಸ್ ಗೆಲ್ಲುತ್ತಾನೆ. ಯಾರೂ ಕೂಗುವುದಿಲ್ಲ. ದಣಿಗೆ ಮೆಲ್ಲಗೆ ವಂದನೆ ಹೇಳಿ ರೈಲು ಹಳಿ ದಾಟಿ ತಮ್ಮ ಮನೆ ಸೇರುತ್ತಾರೆ. ಬಾಗಿಲು ಹಾಕಿಕೊಂಡ ಮೇಲೆ ಅಲ್ಲಿಂದ ಸಂಭ್ರಮದ ಬೊಬ್ಬೆ ಏಳುತ್ತದೆ. ತಮ್ಮವನು ಗೆದ್ದರೂ ಖುಷಿಪಡಲು ಹಳಿ ದಾಟಬೇಕಾದ ಊರು ಅದು. ಕಾರ್ಟರ್ ಇಲ್ಲಿ ವ್ಯಾಖ್ಯಾನಕ್ಕೆ ಹೋಗದೆ ದೂರವನ್ನಷ್ಟೇ ತೋರಿಸುತ್ತಾರೆ.

ಎರಡನೆಯದು ಗೇಟಿನ ಪ್ರಸಂಗ. ಜಿಮ್ಮಿಗೆ ಆಗ ಹದಿನಾಲ್ಕರ ಆಸುಪಾಸು. ಜೊತೆಯಲ್ಲೇ ಆಡಿ, ಮೀನು ಹಿಡಿದು ಬೆಳೆದ ಇಬ್ಬರು ಕಪ್ಪು ಗೆಳೆಯರು ಹುಲ್ಲುಗಾವಲಿನ ಗೇಟು ತೆರೆದು, ಅವನು ಮೊದಲು ಹೋಗಲೆಂದು ಹಿಂದೆ ಸರಿಯುತ್ತಾರೆ. ಕಾಲಿಗೆ ತಂತಿ ಕಟ್ಟಿ ಬೀಳಿಸುವ ತಮಾಷೆ ಇರಬೇಕು ಎಂದುಕೊಳ್ಳುತ್ತಾನೆ ಹುಡುಗ. ತಮಾಷೆ ಏನೂ ಇರಲಿಲ್ಲ. ಬಿಳಿಯ ಹುಡುಗನ ಮುಂದೆ ಇನ್ನು ಹೇಗಿರಬೇಕೆಂದು ಮನೆಯವರು ಅವರಿಗೆ ಹೇಳಿಕೊಟ್ಟಿರಬೇಕು ಎಂಬುದು ಅವನಿಗೆ ಹೊಳೆಯುವುದು ಆಮೇಲೆ. ಇದೇ ಘಟನೆಯ ಮೇಲೆ ಕಾರ್ಟರ್ 1995ರ ಕವನ ಸಂಕಲನದಲ್ಲಿ ಒಂದು ಪದ್ಯವನ್ನೂ ಬರೆದಿದ್ದಾರೆ. ಎಪ್ಪತ್ತು ದಾಟಿದವರು ಅದೇ ಗೇಟಿಗೆ ಎರಡು ಸಲ ಮರಳಿದ್ದಾರೆಂದರೆ ಆ ನೆನಪು ಆರಿರಲಿಲ್ಲ ಎಂದೇ ಅರ್ಥ. ಮೇಲುಸ್ತರದಲ್ಲಿ ಹುಟ್ಟಿದವನಿಗೆ ತನ್ನ ಸವಲತ್ತು ಮೊದಲು ಕಾಣಿಸುವುದು ಹೀಗೆಯೇ, ಗೆಳೆಯರು ಸುಮ್ಮನೆ ಬಿಟ್ಟುಕೊಟ್ಟ ದಾರಿಯಾಗಿ.

ಆದರೆ ಈ ಪುಸ್ತಕ ಒಂದು ಕಡೆ ತಡೆದು ನಿಲ್ಲುತ್ತದೆ. ಪಾಲಿಗೆ ಉಳುವ ಕುಟುಂಬಗಳು ಬಿತ್ತನೆಯ ಕಾಲದಲ್ಲಿ ಸಾಲ ಪಡೆಯುವುದು, ದಣಿಯ ಅಂಗಡಿಯಲ್ಲೇ ಸಾಮಾನು ಕೊಳ್ಳುವುದು, ಸುಗ್ಗಿ ಮುಗಿದಾಗ ಕೈಯಲ್ಲಿ ಏನೂ ಉಳಿಯದಿರುವುದು, ಇವನ್ನೆಲ್ಲ ಕಾರ್ಟರ್ ರೈತನ ಕಣ್ಣಿನಿಂದ ವಿವರಿಸುತ್ತಾರೆ. ಆ ಅಂಗಡಿಯ ದಣಿ ತಂದೆ ಎಂಬಲ್ಲಿಗೆ ಬಂದಾಗ ಮಾತು ಮೆತ್ತಗಾಗುತ್ತದೆ. ಅರ್ಲ್ ನ್ಯಾಯವಂತ, ಗುಟ್ಟಾಗಿ ನೆರವು ಕೊಟ್ಟವರು. ಅದು ನಿಜವೇ ಇರಬಹುದು. ಆದರೆ ಒಳ್ಳೆಯ ದಣಿಯೂ ದಣಿಯೇ ಅಲ್ಲವೇ ಎಂಬ ಪ್ರಶ್ನೆಯನ್ನು ಮಗನ ಪ್ರೀತಿ ಕೇಳಗೊಡುವುದಿಲ್ಲ. ಇದಕ್ಕೆ ಎದುರಾಗಿ ತಾಯಿ ಲಿಲಿಯನ್ ಇದ್ದಾರೆ. ಕಪ್ಪು ಬಿಷಪ್ಪರ ಮಗ ಮುಂಬಾಗಿಲಿಗೆ ಬಂದರೆ ಅವರು ಒಳಗೆ ಕರೆಯುತ್ತಿದ್ದರು, ಅರ್ಲ್ ಅಲ್ಲಿ ನಿಲ್ಲುತ್ತಿರಲಿಲ್ಲ. ಇದೇ ಲಿಲಿಯನ್ 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ದವಾಖಾನೆಯಲ್ಲಿ ದುಡಿದರು.

ತಂದೆಯ ಜಾಣತನ ಮತ್ತು ತಾಯಿಯ ಧೈರ್ಯ, ಎರಡೂ ಮಗನ ರಾಜಕಾರಣದಲ್ಲಿವೆ. 1970ರಲ್ಲಿ ಜನಾಂಗ ಪ್ರತ್ಯೇಕತೆಯ ಪರವಿದ್ದ ಬಿಳಿಯರ ಮತಗಳನ್ನೂ ಓಲೈಸಿ ಅವರು ಜಾರ್ಜಿಯಾದ ಗವರ್ನರ್ ಆದರು. 1971ರ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ಜನಾಂಗ ತಾರತಮ್ಯದ ಕಾಲ ಮುಗಿಯಿತು ಎಂದು ಅದೇ ಮತದಾರರ ಮುಂದೆ ಹೇಳಿದರು. ಯಾವುದು ನಿಜವಾದ ಕಾರ್ಟರ್ ಎಂದು ಕೇಳಿದರೆ, ಎರಡೂ.

ನೂರು ವರ್ಷದ ಬದುಕನ್ನು ಸೋಲು ಮತ್ತು ಪ್ರಾಯಶ್ಚಿತ್ತ ಎಂದು ವಿಂಗಡಿಸಿದರೆ ಈ ಇಕ್ಕಟ್ಟು ಕಣ್ಣಿಗೆ ಬೀಳುವುದಿಲ್ಲ. ಈ ಪುಸ್ತಕದಲ್ಲಿ ಅದು ಕಾಣುತ್ತದೆ, ಲೇಖಕರು ಬಚ್ಚಿಡಲು ನೋಡಿದ ಕಡೆಯೂ ಕಾಣುತ್ತದೆ. ಆತ್ಮಕಥನಗಳನ್ನು ಅಭ್ಯಾಸ ಮಾಡುವವರು ಇದನ್ನು ಓದಬೇಕಾದದ್ದು ಆ ಕಾರಣಕ್ಕೆ. ಓದುವಾಗ ಹಿಂದೆ ಸರಿದು ನಿಂತ ಆ ಇಬ್ಬರು ಹುಡುಗರನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಅಂದು ಅವರ ಮನಸ್ಸಿನಲ್ಲಿ ಏನಿತ್ತೆಂದು ಈ ಪುಸ್ತಕದಿಂದ ತಿಳಿಯುವುದಿಲ್ಲ. ಅದನ್ನು ಅವರೇ ಬರೆಯಬೇಕಿತ್ತು.