ಗಾಜಿನ ಬಾಲ್ಕನಿಯಾಗ ಕೂಡೋರು ಯಾರು?

ಗೋಕುಲ ರೋಡ್, ನವನಗರ, ಸಪ್ತಾಪುರ... ನಮ್ಮ ಅವಳಿ ನಗರದ ಯಾವ ಕಡೆ ಹೋದರೂ ಹೊಸಾ ಮನಿ ಯಾವುದಂತ ದೂರದಿಂದಲೇ ಗೊತ್ತಾಗುತ್ತದೆ. ಮೊದಲ ಮಹಡಿಯ ಬಾಲ್ಕನಿಗೆ ಉದ್ದಕ್ಕೂ ಗಾಜು, ಅದರ ಮ್ಯಾಲೊಂದು ಥಳಥಳ ಸ್ಟೀಲ್ ಪೈಪು. ನಾಕಾರು ತಿಂಗಳು ಬಿಟ್ಟು ಅದೇ ರಸ್ತೆಯಲ್ಲಿ ಹಾದು ನೋಡ್ರಿ. ಎಷ್ಟೋ ಕಡೆ ಗಾಜಿಗೆ ಒಳಗಿನಿಂದ ಬಿಳಿ ಸ್ಟಿಕರ್ ಅಂಟಿರುತ್ತದೆ, ಇಲ್ಲಾ ಬಿದಿರಿನ ಪರದೆ ಇಳಿದಿರುತ್ತದೆ. ರೊಕ್ಕಾ ಕೊಟ್ಟು ತಂದ ಪಾರದರ್ಶಕತೆಗೆ ಮತ್ತ ರೊಕ್ಕಾ ಕೊಟ್ಟು ಮುಸುಕು ಹಾಕೋದು! ನನ್ನ ತಕರಾರು ಇಲ್ಲಿಂದ ಶುರು.

ಗಾಜಿನ ಪರವಾಗಿಯೂ ಒಂದೆರಡು ಮಾತು ಹೇಳಬೇಕು. ಅಡ್ಡಪೈಪಿನ ರೇಲಿಂಗ್ ಸಣ್ಣ ಹುಡುಗರಿಗೆ ನಿಚ್ಚಣಿಕೆ ಇದ್ದಂಗ. ಗಾಜಿನಲ್ಲಿ ಕಾಲಿಡಾಕ ಜಾಗ ಇಲ್ಲ, ತಲೆ ತೂರಿಸಾಕ ಸಂದಿಯೂ ಇಲ್ಲ. ಉಣಕಲ್ ಕೆರೆಗೆ ಮುಖ ಮಾಡಿದ ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ಕೂತಲ್ಲೇ ನೀರು ಕಾಣುತ್ತದೆ, ಅಲ್ಲಿ ಗಾಜು ಚಂದ. ಆದರೆ ಮೂವತ್ತು ಫೂಟಿನ ರಸ್ತೆಯ ಮನೆಯಿಂದ ಕಾಣೋದೇನು? ಎದುರು ಮನೆಯ ಗಾಜು.

ಗೆಳೆಯನೊಬ್ಬನ ಹೊಸ ಮನೆಗೆ ಊರಿಂದ ಅವನ ಅವ್ವ ಬಂದಿದ್ದರು. ಮೆಂತೆಪಲ್ಲೆ ಸೋಸಲು ಬಾಲ್ಕನಿಯಲ್ಲಿ ಕೂತವರು ಎರಡೇ ನಿಮಿಷಕ್ಕೆ ಎದ್ದು ಅಡುಗೆಮನೆಗೆ ಬಂದರು. "ಹೋಗೋರು ಬರೋರಿಗೆಲ್ಲಾ ಕಾಣತೈತಪಾ, ಕಾಲು ಚಾಚಿ ಕೂಡಾಕ ಬರಂಗಿಲ್ಲ" ಅಂದರು. ಇಡೀ ಮನೆಯಲ್ಲಿ ಬಾಲ್ಕನಿಯನ್ನು ನಿಜವಾಗಿ ಬಳಸಬಹುದಾಗಿದ್ದವರು ಅವರೊಬ್ಬರೇ.

ನಾನು ಬೆಳೆದ ಎರಿಹೊಲದ ಊರಿನಲ್ಲಿ ಮನಿ ಮುಂದ ಕಟ್ಟಿ ಇರುತ್ತಿತ್ತು, ಕೂತವರಿಗೆ ಬೆನ್ನು ಹಚ್ಚಲು ಗೋಡೆ. ಗದಗಿನ ತ್ರಿಕೂಟೇಶ್ವರ ಗುಡಿಗೆ ಹೋದರೆ ಕಕ್ಷಾಸನ ನೋಡ್ರಿ. ಮಂಟಪದ ಅಂಚಿನ ಕಲ್ಲು ಹೊರಕ್ಕೆ ವಾಲಿ, ಒಳಗೆ ಕೂತವರ ಬೆನ್ನಿಗೆ ಆಸರೆಯಾಗುತ್ತದೆ. ಅದರ ಹೊರಮೈ ಮ್ಯಾಲೆ ಸಾಲು ಶಿಲ್ಪ. ಕೂತವರಿಗೂ ಅನುಕೂಲ, ನೋಡುವವರಿಗೂ ಚಂದ. ಗಾಜಿನ ರೇಲಿಂಗ್ ರಸ್ತೆಯಲ್ಲಿ ನಿಂತವರ ಬಗ್ಗೆ ಮಾತ್ರ ವಿಚಾರ ಮಾಡುತ್ತದೆ.

ಇನ್ನು ಸುರಕ್ಷತೆ. ಅಂಗಡಿಯಲ್ಲಿ ಕೇಳಿದರೆ "ಟಫನ್ಡ್ ಐತ್ರಿ, 12 ಎಂ.ಎಂ., ಕಾಳಜಿ ಮಾಡಬ್ಯಾಡ್ರಿ" ಅನ್ನುತ್ತಾರೆ. ಟಫನ್ಡ್ ಗಾಜು ಸಾದಾ ಗಾಜಿಗಿಂತ ನಾಕೈದು ಪಟ್ಟು ಗಟ್ಟಿ, ಖರೆ. ಒಡೆದರೆ ಚೂರಿಯಂಥ ತುಂಡಾಗದೆ ಕಲ್ಲುಸಕ್ಕರೆಯಂಥ ಹರಳಾಗುತ್ತದೆ, ಅದೂ ಖರೆ. ಆದರೆ ಒಡೆದರೆ ಇಡೀ ಹಾಳೆ ಒಮ್ಮೆಲೇ ಉದುರುತ್ತದೆ, ಒರಗಿ ನಿಂತವರಿಗೆ ಆಸರೆಯೇ ಉಳಿಯುವುದಿಲ್ಲ. ತಯಾರಿಕೆಯಲ್ಲಿ ಒಳಗೆ ಸಿಕ್ಕಿದ ನಿಕ್ಕಲ್ ಸಲ್ಫೈಡಿನ ಸಣ್ಣ ಕಣದಿಂದ, ಯಾರೂ ಮುಟ್ಟದಿದ್ದರೂ ಅದು ಒಡೆಯಬಹುದು. 12 ಎಂ.ಎಂ. ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ. ಕೆಳಗೆ ಹೋಗೋರ ತಲೆ ಮ್ಯಾಲೆ ಬೀಳೋದು ಅದೇ.

ಹಂಗಾಗಿ ಗಾಜೇ ಬೇಕಂದ್ರ ಲ್ಯಾಮಿನೇಟೆಡ್ ಕೇಳ್ರಿ. ಎರಡು ಟಫನ್ಡ್ ಹಾಳೆಗಳ ನಡುವೆ ಪಿವಿಬಿ ಎಂಬ ಪದರ. ಒಂದು ಒಡೆದರೂ ಇನ್ನೊಂದು ನಿಂತಿರುತ್ತದೆ, ಚೂರುಗಳು ಪದರಕ್ಕೆ ಅಂಟಿಕೊಂಡಿರುತ್ತವೆ. ನಮ್ಮ ಆಫೀಸಿನ ಭಾಷೆಯಲ್ಲಿ, ಬ್ಯಾಕಪ್ ಇರೋ ಸರ್ವರ್. ಆ ಪದರವೇ ಹಾಲಿನ ಬಣ್ಣದ್ದೂ ಸಿಗುತ್ತದೆ, ಆಮೇಲೆ ಸ್ಟಿಕರ್ ಹಚ್ಚುವುದು ತಪ್ಪುತ್ತದೆ. ಮೇಲೆ ಹಿಡಿಯಲು ಗಟ್ಟಿ ಪೈಪು ಇರಲಿ. ಟಫನ್ಡ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು, ತೂತು ಹಾಕಲು ಬರುವುದಿಲ್ಲ, ಅಳತೆ ಮೊದಲೇ ಪಕ್ಕಾ ಆಗಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎತ್ತರ 1 ಮೀಟರಿಗಿಂತ ಕಡಿಮೆ ಇರಬಾರದು. ಅದನ್ನು ಅಳೆಯೋದು ಟೈಲ್ಸ್ ಹಾಕಿದ ಮ್ಯಾಲೆ.

ಇಷ್ಟೆಲ್ಲ ಸರಿಯಾದರೂ ಹುಬ್ಬಳ್ಳಿ ಧೂಳು, ಧಾರವಾಡದ ಜಿಟಿಜಿಟಿ ಮಳಿ ಬಿಡಬೇಕಲ್ಲ? ಬೋರಿನ ಗಡಸು ನೀರು ಹಾಕಿದರೆ ಬಿಳಿ ಕಲೆ. ಒಳಮೈ ಒರೆಸಬಹುದು. ಹೊರಮೈ ಒರೆಸಲು ಕೆಲಸದಾಕಿ ಪೈಪಿನ ಮೇಲೆ ಅರ್ಧ ಮೈ ಹೊರಗೆ ಚಾಚಿ ಬಾಗಿದ್ದನ್ನು ಕಂಡರೆ ಎದಿ ಝಲ್ ಅಂತದ. ಆ ಹೊಳಪಿನ ಖರ್ಚು ಯಾವ ಕೊಟೇಶನ್ನಿನಲ್ಲೂ ಇರೋದಿಲ್ಲ.

ರಸ್ತೆಬದಿಯ ಮನೆಗೆ ನನ್ನ ಓಟು ಇಟ್ಟಂಗಿಯ ಜಾಳಗಿಗೆ: ಮಗುವಿನ ಕಾಲು ತೂರದಷ್ಟು ಸಣ್ಣ ಕಿಂಡಿ, ಆಷಾಢದ ಗಾಳಿ ಒಳಗೆ ಬರುವಷ್ಟು ತೆರಪು. ಇಲ್ಲಾ 10 ಸೆಂ.ಮೀ. ಸಂದು ದಾಟದ ನೆಟ್ಟಗಿನ ಸರಳು, ಅದರ ಹಿಂದೆ ನಾಕು ಕುಂಡ. ಆರ್ಡರ್ ಕೊಡೋ ಮೊದಲು ಬಾಲ್ಕನಿಯಲ್ಲಿ ಒಂದು ಚಾಪಿ ಹಾಸಿ, ಮನೆಯ ಹಿರಿಯರನ್ನು ಕೂಡಿಸಿ, ಇಲ್ಲಿ ಏನಿದ್ದರೆ ದಿನಾ ಬಂದು ಕೂಡತೀರಿ ಅಂತ ಕೇಳಿ ನೋಡ್ರಿ.